ಬಾಡಿಗೆ ಮನೆಯ ಹೊಗೆ

ಬಾಡಿಗೆ ಮನೆ ಖಾಲಿ ಮಾಡುವ ದಿನ ಗೋಡೆಯ ಕ್ಯಾಲೆಂಡರಿನ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ. ಮಂಚ, ಬೀರು, ಗ್ಯಾಸ್ ಸಿಲಿಂಡರು ಆಗಲೇ ಟೆಂಪೋ ಏರಿರುತ್ತವೆ. ಮನೆ ಮಾಲೀಕರು ಕೀ ಇಸಿದುಕೊಳ್ಳಲು ಬಂದು ನಿಂತಿರುತ್ತಾರೆ. ಆಗ ಯಾರೋ ಮೊಳೆಯಿಂದ ಕ್ಯಾಲೆಂಡರ್ ಇಳಿಸುತ್ತಾರೆ. ಅದರ ಹಿಂದಿನ ಗೋಡೆ ಹಾಲಿನಷ್ಟು ಬೆಳ್ಳಗೆ, ಸುತ್ತಲಿನ ಗೋಡೆ ಟೀ ಸೋಸಿದ ಬಟ್ಟೆಯ ಬಣ್ಣಕ್ಕೆ! 'ಏನಪ್ಪಾ, ಒಳಗೇ ಸೇದ್ತಿದ್ಯಾ?' 'ಇಲ್ಲ ಅಂಕಲ್, ಬಾಲ್ಕನೀಲಿ ಮಾತ್ರ.' ಗೋಡೆ ಅಷ್ಟು ಹೊತ್ತಿಗೆ ಸಾಕ್ಷಿ ಹೇಳಿ ಮುಗಿಸಿರುತ್ತದೆ.

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಈ ಮಾತುಕತೆ ಕೇಳಿಬರುತ್ತದೆ. ಇದು ಮುಗಿಯುವ ರೀತಿಯೂ ಒಂದೇ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಪಡೆಯುವುದು ಈ ಊರಿನ ಹಳೆಯ ರೂಢಿ. ಬಿಟ್ಟು ಹೋಗುವಾಗ ಒಂದು ತಿಂಗಳ ಬಾಡಿಗೆಯನ್ನು 'ಪೇಂಟಿಂಗಿಗೆ' ಅಂತ ಹಿಡಿದುಕೊಳ್ಳುವುದೂ ರೂಢಿಯೇ. ಇಲ್ಲೊಂದು ತಮಾಷೆಯಿದೆ. ದಿನಕ್ಕೊಂದು ಪ್ಯಾಕು ಸುಡುವ ಬಾಡಿಗೆದಾರನಿಗೂ, ಊದಿನಕಡ್ಡಿಯ ಹೊಗೆಗೂ ಕೆಮ್ಮುವ ಬಾಡಿಗೆದಾರನಿಗೂ ಮುರಿದುಕೊಳ್ಳುವ ಮೊತ್ತ ಒಂದೇ. ಸೇದಿದವನು ದುಡ್ಡು ಕಟ್ಟಿದ್ದಾಯಿತು ಎಂದುಕೊಳ್ಳುತ್ತಾನೆ. ಸೇದದವನು ತಾನೇಕೆ ಕಟ್ಟಬೇಕು ಎಂದು ಗೊಣಗುತ್ತಾನೆ. ಮಾಲೀಕರಿಗೆ ಆ ಹಣ ಸಾಲುವುದಿಲ್ಲ. ಮೂರೂ ಕಡೆಯವರಿಗೆ ಅಸಮಾಧಾನ ತರುವ ಲೆಕ್ಕವೊಂದು ಇಷ್ಟು ವರ್ಷ ಬಾಳಿಕೊಂಡು ಬಂದಿರುವುದೇ ಒಂದು ಸೋಜಿಗ.

ಸಾಲುವುದಿಲ್ಲ ಏಕೆ ಎಂಬುದನ್ನು ಬಣ್ಣ ಬಳಿಯುವವರು ಚೆನ್ನಾಗಿ ಬಲ್ಲರು. ತಂಬಾಕಿನ ಹೊಗೆಯಲ್ಲಿ ನಿಕೋಟಿನ್ ಮಾತ್ರವಲ್ಲ, ಜಿಗುಟಾದ ಟಾರು ಕೂಡ ಇರುತ್ತದೆ. ಅದು ಗೋಡೆಗೆ, ಫ್ಯಾನಿನ ರೆಕ್ಕೆಗೆ, ಕಿಟಕಿಯ ಗಾಜಿಗೆ ತೆಳುವಾಗಿ ಮೆತ್ತಿಕೊಳ್ಳುತ್ತದೆ. ಅದರ ಮೇಲೇ ನೇರವಾಗಿ ನೀರು ಬೆರೆಸುವ ಎಮಲ್ಷನ್ ಹೊಡೆದರೆ, ಒಣಗುವಷ್ಟರಲ್ಲಿ ಹಳದಿ ಕಲೆ ಹೊಸ ಬಣ್ಣವನ್ನು ತೂರಿಕೊಂಡು ಮೇಲೆ ಬರುತ್ತದೆ. ಎರಡನೆಯ ಕೋಟು ಹೊಡೆದರೂ ಬರುತ್ತದೆ. ಗೋಡೆಯನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಒಣಗಿಸಿ, ಕಲೆ ತಡೆಯುವ ಪ್ರೈಮರ್ ಬಳಿದು, ಆಮೇಲೆ ಬಣ್ಣ ಹಾಕಬೇಕು. ಕೆಲಸ ಎರಡರಷ್ಟಾಗುತ್ತದೆ. ಪರದೆ, ಹಾಸಿಗೆ, ಮರದ ಕಪಾಟಿನ ಒಳಮೈ ಇವುಗಳಿಗೆ ಹಿಡಿದ ವಾಸನೆಗೆ ಬಣ್ಣದಿಂದ ಪರಿಹಾರವೇ ಇಲ್ಲ.

ಕಾನೂನು ಏನನ್ನುತ್ತದೆ? ಭಾರತದಲ್ಲಿ ಸಾರ್ವಜನಿಕ ಧೂಮಪಾನದ ವಿರುದ್ಧದ ನಡೆ ಗಟ್ಟಿಯಾಗಿ ಕಂಡದ್ದು ನೆರೆಯ ಕೇರಳದಲ್ಲಿ. 1999ರ ಜುಲೈನಲ್ಲಿ ಅಲ್ಲಿನ ಹೈಕೋರ್ಟ್ ಸಾರ್ವಜನಿಕ ಸ್ಥಳಗಳಲ್ಲಿ ಬೀಡಿ, ಸಿಗರೇಟು ಸೇದುವುದನ್ನು ನಿಷೇಧಿಸಿತು. 2001ರಲ್ಲಿ ರಾಜಕಾರಣಿ ಮುರಳಿ ದೇವೊರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದನ್ನೇ ದೇಶಕ್ಕೆಲ್ಲ ಅನ್ವಯಿಸಿತು. 2003ರಲ್ಲಿ ಸಂಸತ್ತು ಕಾಯ್ದೆ ಮಾಡಿತು. 2008ರ ಗಾಂಧಿ ಜಯಂತಿಯಂದು ಬಿಗಿ ನಿಯಮಗಳು ಜಾರಿಗೆ ಬಂದವು. ಕರ್ನಾಟಕ ತನ್ನದೇ ತಿದ್ದುಪಡಿ ತಂದಿದೆ. ರಾಷ್ಟ್ರಪತಿಗಳ ಅಂಕಿತ ಪಡೆದು 2025ರ ಮೇ ತಿಂಗಳಲ್ಲಿ ಅದು ಪ್ರಕಟವಾಯಿತು. 200 ರೂಪಾಯಿ ಇದ್ದ ದಂಡ 1000 ರೂಪಾಯಿಗೆ ಏರಿತು, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಏರಿತು, ಹುಕ್ಕಾ ಬಾರುಗಳಿಗೆ ಬೀಗ ಬಿತ್ತು.

ಇವೆಲ್ಲ ಮನೆಯ ಹೊಸ್ತಿಲ ಆಚೆಯ ಮಾತು. ಹೊಸ್ತಿಲು ದಾಟಿ ಒಳಗೆ ಬಂದರೆ ಈ ಕಾಯ್ದೆ ಸುಮ್ಮನಾಗುತ್ತದೆ. ಬಾಡಿಗೆ ಮನೆಯ ವಿಚಾರದಲ್ಲಿ ನೆರವಿಗೆ ಬರಬೇಕಾದದ್ದು ಬ್ರಿಟಿಷರ ಕಾಲದ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಅದರ 108ನೆಯ ಕಲಮಿನ ಪ್ರಕಾರ ಬಾಡಿಗೆದಾರ ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಮರಳಿಸಬೇಕು, ಸಹಜವಾದ ಸವೆತಕ್ಕೆ ವಿನಾಯಿತಿಯಿದೆ. ಸಿಗರೇಟಿನ ಹಳದಿ ಸಹಜ ಸವೆತವೋ ಹಾನಿಯೋ ಎಂಬುದನ್ನು ಕಾಯ್ದೆ ಬರೆದವರು ಯೋಚಿಸಿರಲಿಲ್ಲ, ಅವರ ದಿವಾನಖಾನೆಗಳಲ್ಲೇ ಚುಟ್ಟಾ ಹೊಗೆಯಾಡುತ್ತಿದ್ದ ಕಾಲ ಅದು. ಹಾಗಾಗಿ ಉಳಿಯುವುದು ಛಾಪಾ ಕಾಗದದ ಮೇಲಿನ ಬಾಡಿಗೆ ಕರಾರು ಒಂದೇ. ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸಬೇಕಾಗುತ್ತದೆ ಎಂಬ ಕಾರಣಕ್ಕೆ 11 ತಿಂಗಳಿಗೆ ಬರೆಸುವ ಆ ಕಾಗದದಲ್ಲಿ ಏನೇನೋ ಇರುತ್ತದೆ. ನೀರಿನ ಬಿಲ್ಲು, ಕರೆಂಟಿನ ಬಿಲ್ಲು, ಗೋಡೆಗೆ ಮೊಳೆ ಹೊಡೆಯಬಾರದು, ನಾಯಿ ಸಾಕಬಾರದು. ಹೊಗೆಯ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ.

ಗೋಡೆಯ ಬಣ್ಣಕ್ಕಿಂತ ದೊಡ್ಡದು ಉಸಿರಿನ ಪ್ರಶ್ನೆ. ಜಪಾನಿನ ತಾಕೇಶಿ ಹಿರಾಯಾಮ ಎಂಬ ವಿಜ್ಞಾನಿ ತಾವು ಸಿಗರೇಟು ಮುಟ್ಟದ 91,540 ಗೃಹಿಣಿಯರನ್ನು 14 ವರ್ಷ ಹಿಂಬಾಲಿಸಿ ಅಧ್ಯಯನ ಮಾಡಿದರು. 1981ರಲ್ಲಿ ಪ್ರಕಟವಾದ ಅವರ ವರದಿ ಸಿಗರೇಟು ಕಂಪನಿಗಳ ನಿದ್ದೆ ಕೆಡಿಸಿತು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತಿತ್ತು. ಕಾಲು ಶತಮಾನದ ಬಳಿಕ, 2006ರಲ್ಲಿ, ಅಮೆರಿಕದ ಸರ್ಜನ್ ಜನರಲ್ ವರದಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಪರರ ಹೊಗೆಯಲ್ಲಿ 'ಇಷ್ಟಾದರೆ ಪರವಾಗಿಲ್ಲ' ಎನ್ನುವ ಮಟ್ಟವೇ ಇಲ್ಲ, ಕಿಟಕಿ ತೆರೆದರೂ ಫ್ಯಾನು ಹಾಕಿದರೂ ಅದು ಪೂರ್ತಿ ಹೋಗುವುದಿಲ್ಲ.

ಬಾಡಿಗೆ ಮನೆಗೇ ಹೊಂದುವ ಸಂಶೋಧನೆಯೊಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ನಡೆಯಿತು. ಸೇದುವವರು ಬಿಟ್ಟುಹೋದ ಮನೆಗಳಿಗೆ ಸೇದದವರು ಬಂದ ಮೇಲೆ ಏನಾಗುತ್ತದೆ ಎಂದು ಅಲ್ಲಿನ ವಿಶ್ವವಿದ್ಯಾಲಯದ ತಂಡ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿತು. ಮನೆಗಳನ್ನು ಶುಚಿ ಮಾಡಲಾಗಿತ್ತು. ಎರಡು ತಿಂಗಳ ಆಸುಪಾಸು ಅವು ಖಾಲಿಯೂ ಇದ್ದವು. ಆದರೂ ದೂಳಿನಲ್ಲಿ, ಗೋಡೆಯ ಮೈಮೇಲೆ ನಿಕೋಟಿನ್ ಸಿಕ್ಕಿತು. ಹೊಸದಾಗಿ ಬಂದವರ ಬೆರಳ ತುದಿಯಲ್ಲೂ ಸಿಕ್ಕಿತು. ಅವರಲ್ಲಿ ಯಾರೂ ಆ ಮನೆಯಲ್ಲಿ ಕಡ್ಡಿ ಗೀರಿದವರಲ್ಲ. ಅದಕ್ಕೆ ಒಂದು ವರ್ಷ ಮೊದಲು, 2010ರಲ್ಲಿ, ಬರ್ಕ್ಲಿಯ ಪ್ರಯೋಗಾಲಯವೊಂದು ಮತ್ತೊಂದು ಸಂಗತಿ ತೋರಿಸಿಕೊಟ್ಟಿತ್ತು. ಹೀಗೆ ಮೆತ್ತಿಕೊಂಡ ನಿಕೋಟಿನ್ ಮನೆಯ ಗಾಳಿಯಲ್ಲಿರುವ ನೈಟ್ರಸ್ ಆಮ್ಲದೊಂದಿಗೆ ಸೇರಿ ಕ್ಯಾನ್ಸರ್‌ಕಾರಕ ವಸ್ತುಗಳನ್ನು ಹೊಸದಾಗಿ ಹುಟ್ಟಿಸುತ್ತದೆ. ಹೀಗೆ ಮೆತ್ತಿಕೊಂಡು ಉಳಿಯುವ ಹೊಗೆಯ ಅಂಶಕ್ಕೆ 'ಮೂರನೆಯ ಕೈಯ ಹೊಗೆ' ಎಂಬ ಹೆಸರಿದೆ. ನೆಲದಲ್ಲಿ ಅಂಬೆಗಾಲಿಡುವ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಕೂಸು ಇರುವ ಮನೆಗೆ ಇದು ಸಣ್ಣ ಮಾತಲ್ಲ.

ನಮ್ಮ ಹಿರಿಯರಿಗೆ ವಠಾರ ಗೊತ್ತು. ಸಾಲು ಮನೆಗಳು, ಒಂದೇ ಹೆಂಚಿನ ಮಾಡು, ನಡುವಿನ ಗೋಡೆಗಳು ಮಾಡಿನವರೆಗೆ ಏರದೆ ಮಧ್ಯದಲ್ಲೇ ನಿಂತಿರುತ್ತಿದ್ದವು. ಮೊದಲ ಮನೆಯವರ ಹುಳಿಯ ಒಗ್ಗರಣೆ ಕೊನೆಯ ಮನೆಯವರ ಮೂಗಿಗೆ. ಮೂರನೆಯ ಮನೆಯ ರಾಯರ ಬೀಡಿ ಎಲ್ಲರ ಮೂಗಿಗೆ. ಅಲ್ಲಿ ಗುಟ್ಟಿರಲಿಲ್ಲ, ಆದ್ದರಿಂದ ಸುಳ್ಳೂ ಇರಲಿಲ್ಲ. ಇಂದಿನ ಅಪಾರ್ಟ್‌ಮೆಂಟು ಕಾಂಕ್ರೀಟಿನ ಚಾವಣಿ, ದಪ್ಪ ಬಾಗಿಲು ಹಾಕಿಕೊಂಡು ತಾನು ಬೇರೆ ಎಂದು ಬೀಗುತ್ತದೆ. ಆದರೆ ಬಚ್ಚಲ ಮನೆಗಳ ಹಿಂದೆ ಪೈಪುಗಳು ಇಳಿಯುವ ಡಕ್ಟು ಒಂದಿದೆಯಲ್ಲ, ಅದು ವಠಾರದ ಮಾಡನ್ನು ಉದ್ದಕ್ಕೆ ನಿಲ್ಲಿಸಿದ ಹಾಗೆ. ಎರಡನೆಯ ಮಹಡಿಯವನು ಹೆಂಡತಿಗೆ ಹೆದರಿ ಬಚ್ಚಲಲ್ಲಿ ನಿಂತು ಎಳೆದ ದಮ್ಮು, ಬಿಸಿಗಾಳಿಯ ಜೊತೆ ಆ ಡಕ್ಟಿನಲ್ಲಿ ಮೇಲೇರಿ ನಾಲ್ಕನೆಯ ಮಹಡಿಯ ಬಾಣಂತಿ ಕೋಣೆಗೆ ಹೋಗಿ ಇಳಿಯುತ್ತದೆ. ಹೊಗೆಯ ಕಣಗಳು ಒಂದು ಮೈಕ್ರಾನಿಗಿಂತಲೂ ಚಿಕ್ಕವು. ಬಾಗಿಲ ಸಂದಿ, ವೈರಿನ ತೂತು, ಎಕ್ಸಾಸ್ಟ್ ಫ್ಯಾನು ಎಲ್ಲವೂ ಅವಕ್ಕೆ ಹೆಬ್ಬಾಗಿಲೇ.

ಇಲ್ಲಿ ಸೇದುವವರ ಪರವಾಗಿಯೂ ಒಂದು ಮಾತು ಹೇಳಬೇಕು. 'ನನ್ನ ಸಿಗರೇಟು ಕಾಣುತ್ತೆ, ನೀವು ರಾತ್ರಿಯೆಲ್ಲ ಹಚ್ಚೋ ಸೊಳ್ಳೆ ಬತ್ತಿ ಕಾಣೋದಿಲ್ವಾ?' ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಹೊರಬರುವ ಸೂಕ್ಷ್ಮ ಕಣಗಳ ತೂಕ 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರ ಅಧ್ಯಯನವೊಂದು ಅಳೆದು ಹೇಳಿದೆ. ಕಣಗಳ ತೂಕ ಸಮವಾದ ಮಾತ್ರಕ್ಕೆ ವಿಷವೂ ಸಮವೆಂದಲ್ಲ, ನಿಕೋಟಿನ್ ಇರುವುದು ಸಿಗರೇಟಿನಲ್ಲೇ. ಆದರೂ ಮುಚ್ಚಿದ ಕೋಣೆಯಲ್ಲಿ ಬತ್ತಿ ಹಚ್ಚಿಟ್ಟು ಮಗುವನ್ನು ಮಲಗಿಸಿ, ಪಕ್ಕದ ಮನೆಯ ಸಿಗರೇಟಿಗೆ ಜಗಳ ತೆಗೆಯುವವರು ತುಸು ನಿಧಾನಿಸಬೇಕು.

ಈ ಜಗಳ ನಮ್ಮದೊಂದೇ ಊರಿನದಲ್ಲ. ಬಾಡಿಗೆದಾರರ ನಾಡು ಎನ್ನಬಹುದಾದ ಜರ್ಮನಿಯಲ್ಲಿ ಇದು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಿದೆ, ಒಂದಲ್ಲ ಹಲವು ಸಲ. ಡಸೆಲ್ಡಾರ್ಫ್ ನಗರದಲ್ಲಿ ನಿವೃತ್ತ ಹಿರಿಯರೊಬ್ಬರು ಒಂದೇ ಮನೆಯಲ್ಲಿ 40 ವರ್ಷ ಬಾಡಿಗೆಗಿದ್ದರು. ಒಂದು ಕಾಲಕ್ಕೆ ಅದೇ ಕಟ್ಟಡವನ್ನು ನೋಡಿಕೊಳ್ಳುತ್ತಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಒಂಟಿ. ಅವರ ಸಿಗರೇಟಿನ ಹೊಗೆ ಮೆಟ್ಟಿಲ ಸಾಲಿಗೆ ಬರುತ್ತದೆ, ಅವರು ಕಿಟಕಿ ತೆರೆಯುವುದಿಲ್ಲ, ಬೂದಿ ಬಟ್ಟಲು ಖಾಲಿ ಮಾಡುವುದಿಲ್ಲ ಎಂದು ಮನೆಯೊಡತಿ ಮನೆ ಬಿಡಲು ಹೇಳಿದರು. 2013ರಲ್ಲಿ ಕೆಳಗಿನ ನ್ಯಾಯಾಲಯ ಮನೆಯೊಡತಿಯ ಪರ ನಿಂತಿತು, ಮರುವರ್ಷ ಮೇಲಿನದೂ ನಿಂತಿತು. 2015ರಲ್ಲಿ ಅತ್ಯುನ್ನತ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಮೊಕದ್ದಮೆಯನ್ನು ಹಿಂದಕ್ಕೆ ಕಳಿಸಿತು. 2016ರಲ್ಲಿ ಹಿರಿಯರು ಗೆದ್ದರು. ಹೊಗೆ ಅಸಹನೀಯ ಮಟ್ಟದಲ್ಲಿತ್ತು ಎಂಬುದು ಸಾಬೀತಾಗಲಿಲ್ಲ. ಜರ್ಮನಿಯ ಪತ್ರಿಕೆಗಳು ಅಷ್ಟರಲ್ಲಿ ಅವರನ್ನು ದೇಶದ ಹೆಸರಾಂತ ಧೂಮಪಾನಿಯನ್ನಾಗಿ ಮಾಡಿಬಿಟ್ಟಿದ್ದವು.

ಆ ತೀರ್ಪುಗಳ ಹಿಂದೆ ಇನ್ನೂ ಎರಡು ತೀರ್ಪುಗಳಿವೆ. ಬಾಡಿಗೆ ಮನೆಯಲ್ಲಿ ಸೇದುವುದು ಸಾಮಾನ್ಯ ಬಳಕೆಯೇ ಹೊರತು ಕರಾರಿನ ಉಲ್ಲಂಘನೆಯಲ್ಲ ಎಂದು 2006ರಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ ಹೇಳಿತ್ತು. 2008ರಲ್ಲಿ ಅದಕ್ಕೊಂದು ಗೆರೆ ಎಳೆಯಿತು. ಬಣ್ಣ ಬಳಿದು, ಗೋಡೆ ಕಾಗದ ಬದಲಿಸಿ ಹೋಗಲಾಡಿಸಬಹುದಾದ ಕಲೆ ಸರಿ. ಅದಕ್ಕೂ ಹೋಗದಷ್ಟು ಹೊಗೆ ಹಿಡಿಸಿದರೆ ಬಾಡಿಗೆದಾರ ನಷ್ಟ ತುಂಬಿಕೊಡಬೇಕು. ನಮ್ಮ ಪೇಂಟರುಗಳ ಬಾಯಲ್ಲಿರುವ ವಿವೇಕವನ್ನೇ ಅಲ್ಲಿನ ನ್ಯಾಯಮೂರ್ತಿಗಳು ಕಾನೂನಿನ ಭಾಷೆಯಲ್ಲಿ ಬರೆದಿದ್ದಾರೆ.

ಜರ್ಮನಿಯದೇ ಪ್ರೆಮ್‌ನಿಟ್ಸ್ ಎಂಬ ಸಣ್ಣ ಊರಿನ ಪ್ರಕರಣ ಇನ್ನೂ ಸ್ವಾರಸ್ಯದ್ದು. ಕೆಳಗಿನ ಮನೆಯವರು ಬಾಲ್ಕನಿಯಲ್ಲಿ ಸೇದುತ್ತಾರೆ, ಮೇಲಿನ ಮನೆಯವರಿಗೆ ತಮ್ಮ ಬಾಲ್ಕನಿಯಲ್ಲಿ ಕೂರಲಾಗುವುದಿಲ್ಲ. ಎರಡೂ ಬಾಡಿಗೆ ಮನೆಗಳೇ. ದಿನಕ್ಕೆ ಎಷ್ಟು ಸಿಗರೇಟು ಎಂಬ ಲೆಕ್ಕದಲ್ಲೂ ಇಬ್ಬರಿಗೂ ಒಮ್ಮತವಿಲ್ಲ. 2015ರ ಜನವರಿಯಲ್ಲಿ ಅತ್ಯುನ್ನತ ನ್ಯಾಯಾಲಯ ಯಾರನ್ನೂ ಸೋಲಿಸಲಿಲ್ಲ. ಹೊಗೆ ನಿಜಕ್ಕೂ ಬಾಧೆ ಕೊಡುತ್ತಿದ್ದರೆ ವೇಳಾಪಟ್ಟಿ ಮಾಡಿಕೊಳ್ಳಿ, ಇಂತಿಷ್ಟು ಹೊತ್ತು ಸೇದುವವರದು, ಇಂತಿಷ್ಟು ಹೊತ್ತು ಶುದ್ಧ ಗಾಳಿ ಬೇಕಾದವರದು ಎಂದಿತು. ವಠಾರದ ಕೊಳಾಯಿಗೆ ಸರದಿ ಹಚ್ಚಿಕೊಂಡು ಬಾಳಿದ ಜನಕ್ಕೆ ಈ ತೀರ್ಪು ಹೊಸದೆನಿಸಲಿಕ್ಕಿಲ್ಲ.

ಜಪಾನಿನಲ್ಲಿ ಬಾಲ್ಕನಿಯಲ್ಲಿ ನಿಂತು ಸೇದುವ ಗಂಡಸರಿಗೆ 'ಹೊತಾರು-ಜೊಕು' ಎನ್ನುತ್ತಾರೆ, ಮಿಂಚುಹುಳದ ಕುಲ ಎಂದು ಅರ್ಥ. ಕತ್ತಲಲ್ಲಿ ಬಾಲ್ಕನಿಯಿಂದ ಬಾಲ್ಕನಿಗೆ ಮಿನುಗುವ ಕೆಂಪು ಚುಕ್ಕೆ. ಹೆಸರು ಕಾವ್ಯಮಯವಾದರೂ 2012ರ ಡಿಸೆಂಬರಿನಲ್ಲಿ ನಗೋಯಾದ ಜಿಲ್ಲಾ ನ್ಯಾಯಾಲಯ ಅಂಥ ಒಬ್ಬ ಮಿಂಚುಹುಳಕ್ಕೆ 50,000 ಯೆನ್ ಪರಿಹಾರ ಕೊಡುವಂತೆ ಹೇಳಿತು. ಮೇಲಿನ ಮನೆಯ ಮಹಿಳೆ ಎಷ್ಟು ಬೇಡಿಕೊಂಡರೂ ಆತ ಬಾಲ್ಕನಿಯ ಚಟ ಬಿಟ್ಟಿರಲಿಲ್ಲ. ಆ ಕಟ್ಟಡದ ನಿಯಮಾವಳಿಯಲ್ಲಿ ಬಾಲ್ಕನಿ ಸಿಗರೇಟಿಗೆ ನಿಷೇಧವಿರಲಿಲ್ಲ, ಆದರೂ ಆತ ಸೋತ. ಗೋಡೆಯ ವಿಚಾರದಲ್ಲಿ ಜಪಾನೀಯರು ಇನ್ನೂ ಅಚ್ಚುಕಟ್ಟು. ಖಾಲಿ ಮಾಡುವಾಗ ಯಾವುದರ ಖರ್ಚು ಯಾರದು ಎಂದು ಅಲ್ಲಿನ ಸರ್ಕಾರ ಮಾರ್ಗಸೂಚಿ ಪ್ರಕಟಿಸಿದೆ. ಬಿಸಿಲಿಗೆ ಬಣ್ಣ ಮಾಸಿದರೆ ಮಾಲೀಕನ ಖರ್ಚು, ತಂಬಾಕಿನ ಹೊಗೆಯಿಂದ ಕಲೆ, ವಾಸನೆ ಹಿಡಿದರೆ ಬಾಡಿಗೆದಾರನದು. ಹಾಗೆಂದು ಮಾಲೀಕ ಬಾಯಿಗೆ ಬಂದಷ್ಟು ಕೇಳುವಂತಿಲ್ಲ. ಗೋಡೆ ಕಾಗದದ ಆಯುಸ್ಸು 6 ವರ್ಷ ಎಂದು ಹಿಡಿದು, ಕಳೆದ ವರ್ಷಗಳನ್ನು ಕಳೆದು ಲೆಕ್ಕ ಹಾಕಬೇಕು.

ಅಮೆರಿಕದ ದಾರಿ ಬೇರೆ. ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್ ನಗರ 2013ರ ನವೆಂಬರಿನಿಂದ ಗೋಡೆ ಹಂಚಿಕೊಂಡ ಮನೆಗಳ ಒಳಗೂ ಧೂಮಪಾನ ನಿಷೇಧಿಸಿತು, ಮನೆ ಸ್ವಂತದ್ದಾದರೂ ಸರಿ, ಬಾಡಿಗೆಯದಾದರೂ ಸರಿ. ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳಿಗೆ ಅಮೆರಿಕದ ವಸತಿ ಇಲಾಖೆ ದೇಶವ್ಯಾಪಿ ನಿಯಮ ತಂದಿತು. 2018ರ ಜುಲೈ ಕೊನೆಯೊಳಗೆ ಅವೆಲ್ಲ ಹೊಗೆಮುಕ್ತವಾಗಬೇಕಿತ್ತು. ಕಟ್ಟಡದಿಂದ 25 ಅಡಿಯೊಳಗೆ ಸೇದುವಂತಿಲ್ಲ. ಈ ನಿಯಮದಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಸೇದುವವರಿಗೆ ಮನೆ ಕೊಡಬೇಡಿ ಎಂದು ಅದು ಹೇಳುವುದಿಲ್ಲ. ಸೇದುವವರೂ ಬಡವರೇ, ಅವರಿಗೂ ಸೂರು ಬೇಕು. ಕಟ್ಟಡದಿಂದ ಅಷ್ಟು ದೂರ ಹೋಗಿ ಸೇದಿ ಬನ್ನಿ ಎನ್ನುತ್ತದೆ, ಅಷ್ಟೇ.

ನಮ್ಮಲ್ಲಿ ಆಗುತ್ತಿರುವುದು ಇದರ ತಿರುವುಮುರುವು. ಹೊಗೆಯ ಬಗ್ಗೆ ನಿಯಮವಿಲ್ಲ, ಮನುಷ್ಯನ ಬಗ್ಗೆ ತನಿಖೆಯಿದೆ. ಟು-ಲೆಟ್ ಬೋರ್ಡು ನೋಡಿ ಬಾಗಿಲು ತಟ್ಟಿದವನಿಗೆ ಎದುರಾಗುವ ಪ್ರಶ್ನೆಗಳ ಸಾಲು ಎಲ್ಲರಿಗೂ ಬಾಯಿಪಾಠ. ಫ್ಯಾಮಿಲಿನಾ, ಬ್ಯಾಚುಲರಾ? ಯಾವ ಕಡೆಯವರು? ವೆಜ್ಜಾ, ನಾನ್‌ವೆಜ್ಜಾ? ಈ ಸಾಲಿನ ತುದಿಯಲ್ಲಿ 'ಡ್ರಿಂಕ್ಸು, ಸಿಗರೇಟು ಏನೂ ಇಲ್ಲ ತಾನೆ?' ಒಂಟಿಯಾಗಿ ದುಡಿಯುವ ಹೆಣ್ಣುಮಗಳಾದರೆ ಇದೇ ಪ್ರಶ್ನೆಯ ದನಿ ಇನ್ನಷ್ಟು ಒರಟು. ಉತ್ತರ ಎಲ್ಲರದ್ದೂ ಒಂದೇ: 'ಏನೂ ಇಲ್ಲ ಅಂಕಲ್.' ನಿಜ ಹೇಳಿದವನಿಗೆ ಮನೆ ಸಿಗುವುದಿಲ್ಲ, ಸುಳ್ಳು ಹೇಳಿದವನಿಗೆ ಕೀ ಸಿಗುತ್ತದೆ. ಸುಳ್ಳು ಹೇಳಿ ಒಳಬಂದವನು ಬಾಲ್ಕನಿಗೆ ಬಂದು ಸೇದುವಂತಿಲ್ಲ, ಓನರ್ ನೋಡಿಬಿಟ್ಟಾರು. ಹಾಗಾಗಿ ಕಿಟಕಿ ಮುಚ್ಚಿ, ಪರದೆ ಎಳೆದು, ಒಳಗೇ ಸೇದುತ್ತಾನೆ. ಮಾಲೀಕರ ಪ್ರಶ್ನೆಯೇ ಹೊಗೆಯನ್ನು ಗೋಡೆಗೆ ಹತ್ತಿಸುತ್ತದೆ. ಹತ್ತು ವರ್ಷ ಸಂಯಮದಿಂದ ಮೆಟ್ಟಿಲಿಳಿದು ಬೀದಿ ಮೂಲೆಯ ಟೀ ಅಂಗಡಿಗೆ ಹೋಗಿ ಸೇದಿ ಬರುವ ಸಭ್ಯ ಬಾಡಿಗೆದಾರನೂ ಈ ತನಿಖೆಯಲ್ಲಿ ಫೇಲು.

ಮಾಲೀಕರೇ ಮೇಲಿನ ಮನೆಯಲ್ಲಿದ್ದು ಸಂಜೆ ಹೊತ್ತು ಟೆರೇಸಿನಲ್ಲಿ ಕೂತು ಹೊಗೆ ಬಿಡುವ ಸಂದರ್ಭಗಳೂ ಕಡಿಮೆಯಿಲ್ಲ. ಆಗ ಕೆಳಗಿನ ಬಾಡಿಗೆದಾರರು ಯಾರನ್ನು ಕೇಳಬೇಕು? ಅವರ ಹತ್ತು ತಿಂಗಳ ಅಡ್ವಾನ್ಸು ಆ ಕೈಯಲ್ಲೇ ಇದೆ. ಬಾಡಿಗೆದಾರ ನೆಮ್ಮದಿಯಾಗಿ ಮನೆ ಅನುಭವಿಸಲು ಬಿಡಬೇಕು ಎಂಬ ಮಾತೂ 1882ರ ಅದೇ 108ನೆಯ ಕಲಮಿನಲ್ಲಿದೆ, ಅದನ್ನು ಓದಿದವರು ಕಡಿಮೆ.

ಕಾನೂನು ಬರುವವರೆಗೆ ಏನೂ ಆಗದು ಎಂದು ಕೈಕಟ್ಟಿ ಕೂರಬೇಕಾಗಿಲ್ಲ. ವಯಸ್ಕರ ತಂಬಾಕು ಬಳಕೆ ಕುರಿತ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಮನೆಯೊಳಗೆ ಪರರ ಹೊಗೆಗೆ ಸಿಕ್ಕುವವರ ಪ್ರಮಾಣ 2009-10ರಲ್ಲಿ ಶೇ. 52.3 ಇತ್ತು. 2016-17ರಲ್ಲಿ ಅದು ಶೇ. 38.7ಕ್ಕೆ ಇಳಿಯಿತು. ಯಾವ ಇನ್‌ಸ್ಪೆಕ್ಟರೂ ಮನೆಗಳಿಗೆ ನುಗ್ಗಿ ದಂಡ ಹಾಕಿದ್ದರಿಂದ ಇದು ಇಳಿದದ್ದಲ್ಲ. ಹೆಂಡತಿ ಹೇಳಿದ್ದಕ್ಕೆ, ಮಗಳು ಮೂಗು ಮುಚ್ಚಿದ್ದಕ್ಕೆ ಎಷ್ಟೋ ಮಂದಿ ಅಂಗಳಕ್ಕೆ ಇಳಿದಿರಬೇಕು. ಆದರೂ ಹತ್ತರಲ್ಲಿ ಸುಮಾರು ನಾಲ್ವರು ಇನ್ನೂ ಮನೆಯೊಳಗೇ ಹೊಗೆ ಕುಡಿಯುತ್ತಿದ್ದರು ಎಂಬುದನ್ನೂ ಅದೇ ಅಂಕಿ ಹೇಳುತ್ತದೆ.

ಮುಂದಿನ ಬಾರಿ ಕರಾರು ಬರೆಸುವಾಗ, ಮಾಲೀಕರಾಗಲಿ ಬಾಡಿಗೆದಾರರಾಗಲಿ, ಮೂರು ಸಾಲು ಹೆಚ್ಚು ಹಾಕಿಸಿ. ಮನೆಯ ಒಳಗೆ, ಬಚ್ಚಲಿನಲ್ಲಿ, ಮೆಟ್ಟಿಲಲ್ಲಿ ಯಾರೂ ಸೇದತಕ್ಕದ್ದಲ್ಲ, ಮಾಲೀಕರೂ ಸೇರಿ. ಸೇದಬಹುದಾದ ಜಾಗ ಇಂಥದ್ದು. ಖಾಲಿ ಮಾಡುವಾಗ ಹೊಗೆಯ ಕಲೆ ಇಲ್ಲದಿದ್ದರೆ ಪೇಂಟಿಂಗಿನ ಹಣ ಪೂರ್ತಿ ಹಿಡಿಯುವುದಿಲ್ಲ, ಇದ್ದರೆ ತೊಳೆದು ಪ್ರೈಮರ್ ಬಳಿದ ಖರ್ಚಿನ ರಸೀದಿ ತೋರಿಸಿ ಹಿಡಿಯಲಾಗುವುದು. ಕೀ ಕೊಡುವ ದಿನವೇ ಇಬ್ಬರೂ ನಿಂತು ಖಾಲಿ ಗೋಡೆಗಳ ಫೋಟೋ ತೆಗೆದು ಪರಸ್ಪರ ವಾಟ್ಸ್‌ಆ್ಯಪ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. 'ಸೇದ್ತೀರಾ?' ಎಂಬ ಪ್ರಶ್ನೆಯನ್ನು ಬಾಗಿಲಲ್ಲಿ ಕೇಳುವುದನ್ನು ಬಿಟ್ಟು, 'ಎಲ್ಲಿ ಸೇದ್ತೀರಾ?' ಎಂದು ಕೇಳಿ ನೋಡಿ. ಛಾಪಾ ಕಾಗದದಲ್ಲಿ, ನಾಯಿ ಸಾಕಬಾರದು ಎಂಬ ಸಾಲಿನ ಕೆಳಗೆ, ಇಷ್ಟಕ್ಕೆ ಜಾಗ ಇದ್ದೇ ಇರುತ್ತದೆ.